ಕಳವಾದಲ್ಲಿ ಕಳವಾದ ಚಾಮರ

ಮುಂಬೈ ಪಕ್ಕದ ಕಳವಾದಲ್ಲಿ ಏನಾದರೂ ಕಳವಾಗುವುದು ಹೊಸ ಸಂಗತಿಯಲ್ಲ. ಊರಿನ ಹೆಸರಿನಲ್ಲೇ ಅರ್ಧ ಎಫ್‌ಐಆರ್ ಬರೆದಾಗಿದೆ. ಈ ತಮಾಷೆ, ಸಮುದ್ರದ ನೀರು ಒಳಬರುವ ಖಾಡಿಯ ಬದಿಯ ಆ ಪೊಲೀಸ್ ಠಾಣೆಯಲ್ಲಿ ಇಬ್ಬರಿಗೆ ಮಾತ್ರ ಅರ್ಥವಾಗುತ್ತಿತ್ತು. ಒಬ್ಬರು ಜತ್ತ ತಾಲೂಕಿನಿಂದ ಬಂದ ಸಬ್ ಇನ್ಸ್‌ಪೆಕ್ಟರ್ ಬಸವಕುಮಾರ್, ಇನ್ನೊಬ್ಬ ಅಕ್ಕಲಕೋಟೆ ಕಡೆಯ ಹೆಡ್ ಕಾನ್‌ಸ್ಟೆಬಲ್ ಮಾಪಣ್ಣ. ಮಹಾರಾಷ್ಟ್ರದ ಖಾಕಿಯೊಳಗಿನ ಇಬ್ಬರು ಗಡಿ ಕನ್ನಡಿಗರು. ಮಾಪಣ್ಣ ದಿನಕ್ಕೊಮ್ಮೆಯಾದರೂ ಅದನ್ನು ಹೇಳಿ ತಾನೇ ನಗುತ್ತಿದ್ದ. ಬಸವಕುಮಾರ್ ನಗುವುದನ್ನು ಯಾವಾಗಲೋ ಬಿಟ್ಟಿದ್ದರು.

2010ರ ಡಿಸೆಂಬರ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಒಂದು ಕೆನ್ನೆ ಇನ್ನೊಂದರ ಎರಡರಷ್ಟಿದ್ದ ಐವತ್ತೈದರ ಹೆಂಗಸೊಬ್ಬರು ಠಾಣೆಗೆ ಬಂದರು. ಹೆಸರು ವಿಮಲಾ. ಗಂಡ ವಾಸುವಿಗೆ ಮಾಜಿವಾಡಾದಲ್ಲಿ ಕ್ಯಾಂಟೀನು. ಅವರು ಮರಾಠಿಯಲ್ಲಿ ಏನೋ ಹೇಳಿದರು, ಯಾರಿಗೂ ತಿಳಿಯಲಿಲ್ಲ. ಸಿಟ್ಟಿಗೆದ್ದು ಕನ್ನಡದಲ್ಲಿ ಗೊಣಗಿದಾಗ ಮಾಪಣ್ಣನ ಕಿವಿ ನೆಟ್ಟಗಾಯಿತು.

"ಕನ್ನಡದಾಗ ಹೇಳ್ರಿ ಬಾಯಾರ, ನಾವೂ ಅದ ಮಂದಿ. ಏನ್ ಹೋಗೇತಿ?"

"ದೈವ್‌ದ ಸಾಮಾನು ಹೋಯ್ತು ಮಾರಾಯ್ರೆ! ಇದೀ ಬ್ಯಾಗು!"

ಹೇಳಬೇಕಾದ ಒಂದು ವಿಷಯವನ್ನು ವಿಮಲಾ ಹೇಳಲಿಲ್ಲ, ಮಾಪಣ್ಣ ಕೇಳಲಿಲ್ಲ. ಅವರು ಪಕ್ಕದ ಬೀದಿಯ ಹಲ್ಲಿನ ಡಾಕ್ಟರ ಕುರ್ಚಿಯಿಂದ ನೇರ ಇಲ್ಲಿಗೆ ಬಂದಿದ್ದರು. ಡಾಕ್ಟರು ದವಡೆಗೆ ಸೂಜಿ ಚುಚ್ಚಿ ಒಂದು ಹಲ್ಲು ಕಿತ್ತಿದ್ದರು. ಹಲ್ಲಿನ ಜೊತೆ ಮೂರ್ಧನ್ಯ ಅಕ್ಷರಗಳೂ ಹೋಗಿದ್ದವು. ದಂತವೈದ್ಯರಿಂದ ಬಂದವರ ಬಾಯಲ್ಲಿ ಉಳಿದದ್ದು ದಂತ್ಯ ಮಾತ್ರ. ಮರಗಟ್ಟಿದ ನಾಲಿಗೆಗೆ 'ಡ' ಎಂದರೂ 'ದ', 'ದ' ಎಂದರೂ 'ದ'; 'ಕ್ಯ' ಎಂದರೆ 'ಚ್ಯ'.

"ದೈವದ್ದಾ?" ಮಾಪಣ್ಣ ಟೊಪ್ಪಿಗೆ ಸರಿಪಡಿಸಿಕೊಂಡ. "ಏನೇನ್ ಇತ್ತು ಬ್ಯಾಗಿನ್ಯಾಗ?"

"ಮುಖಕ್ಕೆ ಹಾಕುವಂಥದ್ದು. ಕಾಲಿಗೆ ಕತ್ತುವಂಥದ್ದು, ಹಲದಿ ಬನ್ನದ್ದು. ಕಪ್ಪು ಅಂಗಿ. ದೀಪ. ಮತ್ತೆ ಚ್ಯಾಮರ. ಚ್ಯಾಮರವೇ ಮುಖ್ಯ!"

"ಚಾಮರ," ಎಂದು ಮಾಪಣ್ಣ ಭಕ್ತಿಯಿಂದ ಬರೆದ.

ಯಾರು ಒಯ್ದರು ಎಂದು ಕೇಳಿದ್ದಕ್ಕೆ, ನಿನ್ನೆ ಮಧ್ಯಾಹ್ನ ರಿಕ್ಷಾದವನ ಕೈಗೆ ತಾವೇ ಕೊಟ್ಟದ್ದಾಗಿಯೂ, ಮಗನ ಹೆಸರಿನಲ್ಲಿ ಯಾರೋ ಫೋನು ಮಾಡಿ ಮೋಸ ಮಾಡಿದ್ದಾಗಿಯೂ ಆಕೆ ಹೇಳಿದರು. ಅಷ್ಟಕ್ಕೇ ಬಾಯಿಯ ಹತ್ತಿ ಹೊರಬಂತು; ಹೇಳಿಕೆ ಮುಗಿಯಿತು. ಕಲಂ 379ರಡಿ ಎಫ್‌ಐಆರ್ ದಾಖಲಾಯಿತು, ಮರಾಠಿಯಲ್ಲಿ. ಕಳವಾದ ವಸ್ತು: ದೈವತಾಚೇ ಸಾಹಿತ್ಯ, ಅಂದರೆ ದೈವದ ಸಾಮಾನು. ಮುಖವಾಡ, ಕಾಲಿಗೆ ಕಟ್ಟುವ ಆಭರಣ, ಕಪ್ಪು ವಸ್ತ್ರ, ದೀಪ, ಚಾಮರ.

ಬಸವಕುಮಾರ್ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಹಿರಿಯ ಇನ್ಸ್‌ಪೆಕ್ಟರ ಕೋಣೆಯಿಂದ ಕರೆ ಬಂತು. "ಇದು ಶ್ರದ್ಧೆಯ ವಿಷಯ. ನಾಳೆ ಪೇಪರಿನಲ್ಲಿ ಬಂದರೆ? ಈಗಲೇ ಹೊರಡಿ." ಡಬ್ಬಿ ಮುಚ್ಚಿತು. ಅದರೊಳಗಿನ ಶೇಂಗಾ ಚಟ್ನಿಯ ವಾಸನೆ ಜೀಪಿನವರೆಗೂ ಹಿಂಬಾಲಿಸಿ ಬಂತು.

ದೈವ ಎಂದವರು, ಮಾರಾಯ್ರೆ ಎಂದವರು ತುಳುವರೇ ಇರಬೇಕು; ವರ್ತಕ ನಗರದಲ್ಲಿ ತುಳುವರ ಒಂದು ಮಂಡಳ ಇತ್ತು. ಅದರ ಕಾರ್ಯದರ್ಶಿ ರಮಾಕಾಂತ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡರು.

"ನಮ್ಮ ದೈವದ್ದೆಲ್ಲ ಬೀಗದ ಒಳಗೆ ಉಂಟು ಸಾರ್. ಇದು ಯಾರ ಮನೆಯದ್ದು?"

"ದೂರು ಕೊಟ್ಟವರ ಹೆಸರು ಹೇಳಂಗಿಲ್ಲರಿ," ಎಂದರು ಬಸವಕುಮಾರ್.

"ಹೇಳುವುದು ಬೇಡ. ನಾನು ವಿಚಾರಿಸ್ತೇನೆ."

ಅವರು ವಿಚಾರಿಸಿದರು. ಸಂಜೆಯೊಳಗೆ ಡೊಂಬಿವಲಿಯಿಂದ ನೆರೂಳಿನವರೆಗಿನ ಎಲ್ಲ ಹೋಟೆಲುಗಳ ಗಲ್ಲಾಪೆಟ್ಟಿಗೆಗಳಿಗೂ ಸುದ್ದಿ ಮುಟ್ಟಿ, ಠಾಣೆಯ ಮುಂದೆ ಒಂದು ಗುಂಪು ನಿಂತಿತ್ತು. ಕದ್ದವನನ್ನು ದೈವವೇ ಕೇಳಲಿ ಎಂದು ಒಬ್ಬರು. ಜ್ಯೋತಿಷಿಗಳನ್ನು ಕರೆಸಿ ಪ್ರಶ್ನೆ ಇಡಬೇಕು ಎಂದು ಇನ್ನೊಬ್ಬರು. "ಪ್ರಶ್ನೆ ಇಡೋದು ನಮ್ಮ ಕೆಲಸರೀ, ಅದಕ್ಕ ಪಗಾರ ಕೊಡ್ತಾರ," ಎಂದು ಬಸವಕುಮಾರ್ ಗದರಿ ಕಳಿಸುವಷ್ಟರಲ್ಲಿ ಅವರ ಗಂಟಲೂ ಮರಗಟ್ಟಿತ್ತು.

ಗುಂಪು ಕರಗಿದ ಮೇಲೆ, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡ ಯುವಕನೊಬ್ಬ ಒಳಗೆ ಬಂದ. ಐರೋಲಿಯ ಕಂಪನಿಯೊಂದರಿಂದ ಶಿಫ್ಟ್ ಮುಗಿಸಿ ಬಂದ ವಿಮಲಾರ ಮಗ ಯೋಗೀಶ್.

"ಸರ್, ಮೇರಾ ಡೈವ್ ಬ್ಯಾಗ್ ಮಿಲಾ ಕ್ಯಾ?"

ಬಸವಕುಮಾರ್ ತಲೆಯೆತ್ತಿದರು. "ಏನ್ ಬ್ಯಾಗು?"

"ಡೈವ್ ಬ್ಯಾಗ್. ಸ್ಕೂಬಾ ಡೈವಿಂಗ್. ಮಾಸ್ಕ್, ಫಿನ್ಸ್, ವೆಟ್‌ಸೂಟ್, ಟಾರ್ಚ್... ಔರ್ ಮೇರಾ ಕ್ಯಾಮೆರಾ."

ಬಸವಕುಮಾರ್ ಎಫ್‌ಐಆರ್ ಎಳೆದುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಮುಖವಾಡ. ಕಾಲಿನ ಆಭರಣ. ಕಪ್ಪು ವಸ್ತ್ರ. ದೀಪ. ಕೊನೆಯ ಸಾಲಿಗೆ ಬಂದಾಗ ಅವರು ಬಹಳ ಮೆಲ್ಲಗೆ ಕರೆದರು.

"ಮಾಪಣ್ಣಾ."

"ಸಾಹೇಬ್ರ."

"ಚಾಮರಕ್ಕ ಲೆನ್ಸ್ ಇರ್ತದೇನೋ?"

ಮಾಪಣ್ಣ ಯುವಕನನ್ನೂ ಕಾಗದವನ್ನೂ ನೋಡಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗಬೇಕೆನಿಸಿತು, ಸಾಹೇಬರ ಮುಖ ನೋಡಿ ನುಂಗಿಕೊಂಡ. "ನಾ ಏನ್ ಮಾಡ್ಲಿರಿ? ಬಾಯಿ ದೈವ ಅಂದ್ರು, ದೈವ ಬರದೆ."

"ಇಡೀ ಠಾಣೆ ಜಿಲ್ಲಾದ ತುಳು ಮಂದಿನ್ನ ಎಬ್ಬಿಸಿ ಕೂಡಿಸಿದ್ಯಲ್ಲೋ!"

"ಪುರವಣಿ ಹೇಳಿಕಿ ತಗೊಂಡು ನಾಳೆ ತಿದ್ದೋಣಂತ್ರಿ."

ಯೋಗೀಶ್ ತಿದ್ದುವ ಅವಸರದಲ್ಲಿರಲಿಲ್ಲ. ಅವನ ಚಿಂತೆ ಬೇರೆ. ಮುರುಡೇಶ್ವರದ ಆಚೆ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗಿ, ಮೀನು, ಆಮೆ, ಹವಳಗಳ ಚಿತ್ರ ತೆಗೆಯುವುದು ಅವನ ಹುಚ್ಚು. ಹವಳದ ದಂಡೆಗಳ ಸಮೀಕ್ಷೆಗೆ ಹೊರಟ ತಂಡವೊಂದು ಶನಿವಾರ ವಾಶಿಯಲ್ಲಿ ಅವನ ವಿಡಿಯೊ ನೋಡಲಿತ್ತು. ಮೆಚ್ಚಿದರೆ ಅವರ ಜೊತೆ ಅಂಡಮಾನಿಗೆ, ಕ್ಯಾಮೆರಾ ಕೆಲಸಕ್ಕೆ. ಮೆಚ್ಚದಿದ್ದರೆ ಐರೋಲಿಯ ಕಾಲ್ ಸೆಂಟರಿನ ಹೆಡ್‌ಫೋನು. ಆ ವಿಡಿಯೊ ಇದ್ದದ್ದು ಕ್ಯಾಮೆರಾದೊಳಗಿನ ಕಾರ್ಡಿನಲ್ಲಿ. ಭಾನುವಾರ ರಾತ್ರಿ ಊರಿಂದ ಬಂದವನು ಸೋಮವಾರ ಕೆಲಸಕ್ಕೆ ಓಡಿದ್ದ.

"ಕಾಪಿ ಮಾಡ್ಲಿಲ್ಲ?"

"ಟೈಮ್ ಹೀ ನಹೀ ಮಿಲಾ, ಸರ್."

"ಕಂಪ್ಯೂಟರ್ ಕೆಲಸದಾಗ ಇರಾವರ ಹಣೇಬರಹನ ಇಷ್ಟು. ಯಾರಿಗೆ ಹೇಳೀದಿ ಇದನ್ನ?"

"ಕಿಸೀಕೋ ನಹೀ. ಹೇಳಿದರೆ ಶನಿವಾರದವರಿಗೆ ಗೊತ್ತಾಗುತ್ತೆ. ಜೊತೆಗೆ ಡೈವ್ ಮಾಡೋ ದೋಸ್ತ್ ರಿತೇಶ್‌ಗೂ ಹೇಳಿಲ್ಲ. ಉಸಕೋ ಬೋಲಾ ತೋ ಮಂಡಳದ ಸ್ಟೇಜ್ ಮೇಲೆ ನನ್ನ ಮಿಮಿಕ್ರಿ ಮಾಡ್ತಾನೆ."

ಬಸವಕುಮಾರ್ ಆ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡರು.

ಗುರುವಾರ ಬೆಳಿಗ್ಗೆ ವಿಮಲಾರ ಮನೆಯಲ್ಲಿ ಸ್ಥಳ ಪಂಚನಾಮೆ. ಚಾಳಿನ ಎರಡು ಕೋಣೆ, ಕಪಾಟಿನ ಮೇಲೆ ಬ್ಯಾಗು ಇದ್ದ ಜಾಗದಲ್ಲಿ ಚೌಕಾಕಾರದ ಧೂಳಿಲ್ಲದ ಗುರುತು. ವಿಮಲಾರ ಕೆನ್ನೆ ಇಳಿದಿತ್ತು. 'ಡ' ವಾಪಸು ಬಂದಿತ್ತು.

"ಫೋನ್ ಯಾವಾಗ ಬಂತು?"

"ಮಂಗಳವಾರ ಮಧ್ಯಾಹ್ನ. ನಾನು ಅಕ್ಕಿ ಆರಿಸ್ತಿದ್ದೆ."

"ಧ್ವನಿ ಮಗಂದ?"

"ಅವನದ್ದೇ! ಹೆತ್ತವಳಿಗೆ ಗೊತ್ತಾಗುದಿಲ್ವಾ?"

"ಗೊತ್ತಾಗಲಿಲ್ಲಲ್ಲ ಮತ್ತ. ಏನಂದ?"

ವಿಮಲಾ ಸೆರಗಿನ ತುದಿ ಸುತ್ತಿದರು. "'ಅಮ್ಮಾ, ಒಣಸ್ ಆಂಡಾ?' ಅಂತ ಕೇಳಿದ. ಊಟ ಆಯ್ತಾ ಅಂತ. ಮೇಲೆ, ಕೆಳಗೆ ರಿಕ್ಷಾ ಬರ್ತದೆ, ಡೈವಿಂಗ್ ಬ್ಯಾಗ್ ಕೊಡು ಅಂದ. ಕೊಟ್ಟೆ."

ಬಸವಕುಮಾರ್ ಪೆನ್ನು ನಿಲ್ಲಿಸಿದರು. ನಿನ್ನೆ ಅರ್ಧ ಗಂಟೆ ಮಾತಾಡಿದ ಹುಡುಗನ ಬಾಯಲ್ಲಿ ತುಳು ಇರಲಿ, ಕನ್ನಡವೇ ಕುಂಟುತ್ತಾ ಬಂದಿತ್ತು.

"ನಿಮ್ಮ ಮಗ ದಿನಾ ತುಳುದಾಗ ಮಾತಾಡ್ತಾನೇನ್ರಿ?"

"ಎಲ್ಲಿಂದ! ನಾನು ತುಳುವಿನಲ್ಲಿ ಕೇಳುದು, ಅವ ಹಿಂದಿಯಲ್ಲಿ ಹೇಳುದು. ಶಾಲೆಗೆ ಹಾಕಿದಲ್ಲಿಂದ ಹಾಗೇ."

"ಹಂಗಾರ ಆವತ್ತ ಸಂಶೆ ಬರಲಿಲ್ಲ?"

ವಿಮಲಾ ಸುತ್ತಿದ ಸೆರಗನ್ನು ಬಿಚ್ಚಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಸಂತೋಷ ಆಯ್ತು ಸಾರ್," ಎಂದರು. "ಒಣಸ್ ಆಂಡಾ ಅಂದನಲ್ಲ. ಆ ಹೊತ್ತಿಗೆ ಮನೆ ಕೇಳಿದ್ರೂ ಬೀಗದ ಕೈ ಕೊಡ್ತಿದ್ದೆ."

ಬಾಗಿಲಲ್ಲಿ ನಿಂತಿದ್ದ ಯೋಗೀಶ್ ಮೊಬೈಲು ನೋಡುವವನ ಹಾಗೆ ತಲೆ ತಗ್ಗಿಸಿದ. ಮಾಪಣ್ಣ ಕೆಮ್ಮಿದ. ಪಂಚನಾಮೆಯಲ್ಲಿ ಇದಕ್ಕೆ ಜಾಗವಿರಲಿಲ್ಲ.

ಮನೆಯ ಫೋನಿನಲ್ಲಿ ಬಂದ ನಂಬರು ಕಾಣಿಸುತ್ತಿತ್ತು. ಅದು ಮಾಜಿವಾಡಾ ಜಂಕ್ಷನ್ನಿನ ಒಂದು ಪಿಸಿಓದ್ದು. ನಡೆಸುತ್ತಿದ್ದವಳು ದ್ರೌಪದಿ, ಝೆರಾಕ್ಸ್, ರೀಚಾರ್ಜ್, ಲಿಂಬೂ ಸೋಡಾ, ಎಲ್ಲ ಒಂದೇ ಡಬ್ಬದೊಳಗೆ. ಮಂಗಳವಾರ ಬಂದವನ ನೆನಪಿದೆಯೇ ಎಂದು ಕೇಳುವ ಮೊದಲೇ ಅವಳು ಸೌಟು ಹಿಡಿದು ಹೊಡೆಯಲು ಬಂದವಳಂತೆ ಕೈ ಎತ್ತಿದಳು.

"ಅವನಾ ಸಾಹೇಬ? ಇಲ್ಲಿ ನಿಂತು ದಪ್ಪ ಧ್ವನಿಯಲ್ಲಿ ಲೋಕಲ್ ಕಾಲ್ ಎಷ್ಟು ಅಂತ ಕೇಳಿದ. ಫೋನ್ ಹಿಡಿದ ತಕ್ಷಣ ಬೇರೆ ಗಂಡಸು! ನಾನು ಬೂತಿನೊಳಗೆ ಇಣುಕಿ ನೋಡಿದೆ, ಇನ್ನೊಬ್ಬ ಇದ್ದಾನೋ ಅಂತ. ಹೋಗುವಾಗ ನೋಟು ಕೊಟ್ಟ. ನಾನು ಬಾಯಿ ತೆಗೆಯುವ ಮೊದಲೇ ನನ್ನದೇ ಧ್ವನಿಯಲ್ಲಿ 'ಸುಟ್ಟೇ ನಾಹೀತ್, ಚಿಲ್ಲರೆ ಇಲ್ಲ!' ಅಂದು ನಕ್ಕ. ಮೂರ್ಖ!"

ಕಳ್ಳತನಕ್ಕೆ ಬಂದಲ್ಲಿಯೂ ಒಂದು ಐಟಂ ಮಾಡದೆ ಹೋಗಲು ಆಗದವನು. ಬಸವಕುಮಾರ್ ಜೀಪಿನಲ್ಲಿ ಕೂತು ಹಣೆ ಒತ್ತಿಕೊಂಡರು. "ಮಾಪಣ್ಣ, ಗಾಡಿ ವರ್ತಕ ನಗರಕ್ಕ ಬಿಡು. ಆ ಮಿಮಿಕ್ರಿ ರಿತೇಶ್ ಎಲ್ಲಿರ್ತಾನೋ ನೋಡೋಣ."

ರಿತೇಶ್ ತನ್ನ ಸೋದರಮಾವ ಜಯಶೀಲರ ಹೋಟೆಲಿನ ಗಲ್ಲಾದಲ್ಲಿ ಇದ್ದ. ಉಡುಪಿ ಕಡೆ ಪಿಯುಸಿ ಮುಗಿಸಿ ಬಂದವನು. ಗಲ್ಲಾದಲ್ಲಿ ಕೂತು ಪ್ರತಿ ಗಿರಾಕಿಗೂ ಅವನದೇ ಧ್ವನಿಯಲ್ಲಿ ಬಿಲ್ಲು ಹೇಳುವುದು ಅವನ ರೂಢಿ. ಠಾಣೆಗೆ ಕರೆತಂದಾಗಲೂ ಮುಖದಲ್ಲಿ ಅಳುಕಿರಲಿಲ್ಲ.

"ಮಂಗಳವಾರ ಮಧ್ಯಾಹ್ನ ಎಲ್ಲಿದ್ದಿ?"

"ಮಂಗಳವಾರ ಮಧ್ಯಾಹ್ನ ಎಲ್ಲಿದ್ದಿ," ಎಂದು ಹುಡುಗ ಹೇಳಿಕೊಂಡ, ಥೇಟ್ ಬಸವಕುಮಾರರ ಜತ್ತದ ರಾಗದಲ್ಲಿ. "ಸಾರಿ ಸಾರ್. ಅಭ್ಯಾಸ. ಹೋಟ್ಲಿನಲ್ಲೇ ಇದ್ದೆ."

"ಮಾಜಿವಾಡಾಕ್ಕ ಹೋಗಿದ್ದಿ?"

"ನಾನು ಯಾಕೆ ಹೋಗುದು?"

"ಫೋನ್ ಮಾಡಾಕ."

"ಫೋನ್ ಮಾಡಾಕ," ಎಂದ ಹುಡುಗ, ಮತ್ತೆ ಅದೇ ರಾಗದಲ್ಲಿ. "ಮೊಬೈಲ್ ಉಂಟಲ್ಲ ಸಾರ್."

ಪಕ್ಕದ ಬೆಂಚಿನ ಮೇಲಿದ್ದ ಕಾನ್‌ಸ್ಟೆಬಲ್ ನಗು ತಡೆಯಲಾರದೆ ಹೊರಗೆ ಹೋದ. ಬಸವಕುಮಾರರಿಗೆ ತಮ್ಮದೇ ಧ್ವನಿ ಎದುರಿನಿಂದ ಬಂದದ್ದು ಸೈರಿಸಲಾಗಲಿಲ್ಲ. ದ್ರೌಪದಿಯನ್ನು ಗುರುತಿಸಲು ಕರೆಸಬೇಕು, ಅವಳು ಅಂಗಡಿ ಮುಚ್ಚಿ ಬರುವುದು ಸಂಜೆಗೆ. ಅಲ್ಲಿಯವರೆಗೆ ಇವನ ಜೊತೆ ಒಂದೇ ಕೋಣೆಯಲ್ಲಿ ಕೂರಬೇಕು.

"ಮಾಪಣ್ಣ, ಎಫ್‌ಐಆರ್‌ನಾಗಿನ ಸಾಮಾನು ಓದಿ ಹೇಳು ಇವಗ. ಹೆಸರು ಬ್ಯಾಡ, ಸಾಮಾನು ಅಷ್ಟ."

ತಿದ್ದುವ ಪುರವಣಿ ಹೇಳಿಕೆ ಇನ್ನೂ ಬರೆದಿರಲಿಲ್ಲ. ಮಾಪಣ್ಣ ಇದ್ದದ್ದನ್ನೇ ಗಂಟಲು ಸರಿಪಡಿಸಿಕೊಂಡು ಓದಿದ: "ದೈವತಾಚೇ ಸಾಹಿತ್ಯ. ಮುಖವಾಡ..."

ರಿತೇಶ್ ನೆಟ್ಟಗೆ ಕೂತ. "ದೈವದ್ದು? ನಿನ್ನೆಯಿಂದ ರಮಾಕಾಂತಣ್ಣ ಹೇಳ್ತಿರುವುದು... ಆ ಕಳ್ಳತನವಾ ಇದು?"

"ಅದ. ಇಲ್ಲೇ ಕಳವಾ ಊರಾಗ ಆದದ್ದು. ಮಂಗಳವಾರ, ರಿಕ್ಷಾದಾಗ ಹೋಗೇತಿ. ಓದೋ ಮಾಪಣ್ಣ."

"...ಕಾಲಿನ ಆಭರಣ. ಕಪ್ಪು ವಸ್ತ್ರ. ದೀಪ. ಚಾಮರ."

ಹುಡುಗನ ಬಾಯಲ್ಲಿದ್ದ ಧ್ವನಿಗಳೆಲ್ಲ ಒಟ್ಟಿಗೆ ಓಡಿಹೋದವು. ಉಳಿದದ್ದು ಅವನದೇ ಒಂದು ಧ್ವನಿ, ಅದೂ ನಡುಗುತ್ತಿತ್ತು.

"ಅಯ್ಯೋ ಸಾರ್, ದೈವದ್ದಕ್ಕೆ ನಾನು ಕೈ ಹಾಕ್ತೇನಾ? ನಾಲ್ಕು ತಲೆಮಾರಿಂದ ಕೋಲ ಕೊಡುವ ಮನೆ ನಮ್ಮದು! ಅದು ದೈವ ಅಲ್ಲ, ಡೈವ್! ಯೋಗಿಯ ಡೈವ್ ಬ್ಯಾಗು! ಚಾಮರ ಗೀಮರ ಎಂತ ಇಲ್ಲ ಅದರಲ್ಲಿ, ನಾನೇ ನೋಡಿದ್ದೇನೆ!"

ಮಾಪಣ್ಣ ಎಫ್‌ಐಆರ್ ಮಡಚಿ ಮೇಜಿನ ಮೇಲಿಟ್ಟ.

"ಯಾವ ಯೋಗಿ?" ಬಸವಕುಮಾರ್ ಕೇಳಿದರು. "ನಾವು ಯಾರ ಹೆಸರೂ ಹೇಳಲಿಲ್ಲಲ್ಲೋ. ನಿನ್ನ ದೋಸ್ತನೂ ನಿನಗ ಹೇಳಿಲ್ಲ."

ರಿತೇಶ್ ಬಾಯಿ ತೆರೆದ, ಮುಚ್ಚಿದ. ಗಾಜಿನ ತೊಟ್ಟಿಯ ಮೀನಿನ ಮಿಮಿಕ್ರಿ, ಉದ್ದೇಶವಿಲ್ಲದೆ ಮಾಡಿದ್ದು.

ಬ್ಯಾಗು ಜಯಶೀಲರ ಹೋಟೆಲಿನ ಈರುಳ್ಳಿ ಕೋಣೆಯಲ್ಲಿ ಸಿಕ್ಕಿತು. ಇಬ್ಬರು ಪಂಚರ ಎದುರು ಜಪ್ತಿ: ಮಾಸ್ಕ್ ಒಂದು, ಹಳದಿ ಫಿನ್ಸ್ ಒಂದು ಜೊತೆ, ವೆಟ್‌ಸೂಟ್, ಟಾರ್ಚ್, ನೀರು ಹೋಗದ ಪಾರದರ್ಶಕ ಪೆಟ್ಟಿಗೆಯೊಳಗೆ ಕ್ಯಾಮೆರಾ. ಪೆಟ್ಟಿಗೆಯ ಚಿಲಕ ತೆರೆದಿರಲಿಲ್ಲ. ಯೋಗೀಶ್ ಅದನ್ನು ಸಿಹಿನೀರಿನಲ್ಲಿ ತೊಳೆಯದೆ ತಂದಿದ್ದರಿಂದ ಉಪ್ಪು ಕಟ್ಟಿಕೊಂಡಿತ್ತು.

ಕಾರಣ ಕೇಳಿದಾಗ ರಿತೇಶ್ ನೆಲ ನೋಡುತ್ತಾ ಹೇಳಿದ. ನೇತ್ರಾಣಿಯಲ್ಲಿ, ತಳದಲ್ಲಿ ಗೂಡು ಕಾಯುತ್ತಿದ್ದ ದೊಡ್ಡ ಟ್ರಿಗರ್ ಮೀನೊಂದು ಇಬ್ಬರ ಮೇಲೂ ಏರಿ ಬಂದಿತ್ತು. ರಿತೇಶ್ ಓಡಿ ಹೋಗಿ ಡೈವಿಂಗ್ ಕಲಿಸುವವರನ್ನು ಮಗು ಅಮ್ಮನನ್ನು ತಬ್ಬಿದಂತೆ ತಬ್ಬಿಕೊಂಡಿದ್ದ. ಆವತ್ತಿನಿಂದ ಯೋಗೀಶ್‌ನದು ಒಂದೇ ಹಾಡು: ಎಲ್ಲ ರೆಕಾರ್ಡ್ ಆಗಿದೆ, ಭಾನುವಾರ ಮಂಡಳದ ಹಾಲಿನಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತೇನೆ. ಆ ಭಾನುವಾರ ಡೊಂಬಿವಲಿಯಿಂದ ತೃಷಾಳ ಮನೆಯವರು ಬರಲಿದ್ದರು. ಅವಳ ಜೊತೆ ರಿತೇಶ್‌ನ ನಿಶ್ಚಿತಾರ್ಥದ ಮಾತು ನಡೆದಿತ್ತು. ಸಮುದ್ರದಲ್ಲಿ ಶಾರ್ಕಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆನೆಂದು ಅವಳಪ್ಪನಿಗೆ ಅವನು ಆಗಲೇ ಹೇಳಿಯಾಗಿತ್ತು.

"ಅದೊಂದು ಕ್ಲಿಪ್ ಅಳಿಸಿ ಬ್ಯಾಗು ವಾಪಸು ಇಡುವ ಅಂತ ಇದ್ದೆ ಸಾರ್. ಚಿಲಕವೇ ಬರಲಿಲ್ಲ. ಒಡೆಯಲಿಕ್ಕೆ ಮನಸ್ಸಾಗಲಿಲ್ಲ, ಯೋಗಿಯ ಶನಿವಾರ ಹಾಳಾಗ್ತದೆ."

"ಮಂದಿನ್ನ ನಗಸಾವ ನೀನು. ಒಂದ್ ಸಲ ನಿನ್ನ ನೋಡಿ ನಕ್ಕರ ಏನ್ ಹೋಗ್ತಿತ್ತು?"

"ಅವರನ್ನು ನಗಿಸುವಾಗ ನಾನು ಬೇರೆ ಯಾರೋ ಆಗಿರ್ತೇನೆ ಸಾರ್," ಎಂದ ಹುಡುಗ. "ನೀರೊಳಗೆ ಬಾಯಲ್ಲಿ ಗಾಳಿಯ ಕೊಳವೆ. ಯಾರ ಧ್ವನಿಯೂ ಬರುದಿಲ್ಲ. ಅಲ್ಲಿ ಹೆದರಿದ್ದು ನಾನೇ."

ಬಸವಕುಮಾರ್ ಎಫ್‌ಐಆರ್ ಎಳೆದುಕೊಂಡರು. ಕಳವಿನ ಕಲಂ 379 ಹೋಗಿ, ಬೇರೊಬ್ಬನಂತೆ ನಟಿಸಿ ವಂಚಿಸಿದ್ದಕ್ಕೆ ಕಲಂ 419 ಬಂತು, ಠಾಣೆಯಲ್ಲೇ ಜಾಮೀನು ಸಿಗುವಂಥದ್ದು. ಬಂಧನದ ಕಾಗದಕ್ಕೆ ರಿತೇಶ್ ಸಹಿ ಹಾಕಿದ; ಜಾಮೀನಿನ ಕಾಗದ ಬೆಳಿಗ್ಗೆಗೆ ಉಳಿಯಿತು.

ಕಾರ್ಡಿನಲ್ಲಿರುವುದನ್ನು ಪಂಚರ ಎದುರು ನೋಡಿ ಬರೆಯಬೇಕಿತ್ತು. ಶುಕ್ರವಾರ ಬೆಳಿಗ್ಗೆ ರಮಾಕಾಂತರೂ ದ್ರೌಪದಿಯೂ ಪಂಚರಾಗಿ ಕೂತರು. ದೈವದ್ದಲ್ಲ ಎಂದು ತಿಳಿದ ರಮಾಕಾಂತರ ಮುಖದಲ್ಲಿ ಸಮಾಧಾನವೂ ಸ್ವಲ್ಪ ನಿರಾಸೆಯೂ ಇತ್ತು. ವಿಮಲಾ ರಿತೇಶ್‌ನ ಪಕ್ಕದಲ್ಲೇ ಬೆಂಚಿನ ತುದಿಗೆ ಕೂತು, ಅವನನ್ನು ನೋಡುವುದಿಲ್ಲವೆಂದು ಹಠ ಹಿಡಿದಿದ್ದರು. ಯೋಗೀಶ್ ಬಿಸಿನೀರು ಸುರಿದು ಚಿಲಕ ಬಿಡಿಸಿದ. ಕಾರ್ಡು ಒಣಗಿಯೇ ಇತ್ತು.

ಠಾಣೆಯ ಹಳೆಯ ಕಂಪ್ಯೂಟರಿನ ಪರದೆ ನೀಲಿಯಾಯಿತು. ಆಮೆಯೊಂದು ಹವಳದ ಬಂಡೆಯ ಹಿಂದಿನಿಂದ ಬಂತು. ಅವಸರವಿಲ್ಲದೆ ಒಂದು ಸುತ್ತು ಹಾಕಿ, ಕ್ಯಾಮೆರಾದ ಹತ್ತಿರ ಬಂದು, ಸುಕ್ಕುಗಟ್ಟಿದ ಕಣ್ಣಿನಿಂದ ಇಡೀ ಠಾಣೆಯನ್ನು ನೋಡಿತು. ಠಾಣೆಯ ಕಿಟಕಿಯಿಂದ ಖಾಡಿಯನ್ನಷ್ಟೇ ನೋಡಿದ್ದ ಬಸವಕುಮಾರ್ ಮೂರು ದಿನದಲ್ಲಿ ಮೊದಲ ಬಾರಿ ಸಿಟ್ಟನ್ನು ಮರೆತರು.

"ಇದರದೊಂದು ಸಿಡಿ ಮಾಡಿ ಹುಡುಗಗ ಕೊಡು, ಮಾಪಣ್ಣ. ಮೂಲ ಕಾರ್ಡು ಕೋರ್ಟಿಗೆ."

ಯೋಗೀಶ್ ಕಣ್ಣೊರೆಸಿಕೊಂಡು ಎದ್ದ. "ಥ್ಯಾಂಕ್ಯೂ ಸರ್. ಆಗೇ ಕಾ ರಹನೇ ದೋ."

"ಅದೆಂಗ? ಪಂಚನಾಮೆ ಅಂದ್ರ ಪೂರ್ತಿ ನೋಡಬೇಕು."

"ಮುಂದೆ ಏನಿಲ್ಲ ಸರ್, ಪ್ಲೀಸ್..."

ಮಾಪಣ್ಣ ಗುಂಡಿ ಒತ್ತಿಯಾಗಿತ್ತು. ಮರಳಿನ ತಳ, ಹಲ್ಲು ಕಿರಿದ ಒಂದು ಮೀನು. ಅದು ನೇರ ಕ್ಯಾಮೆರಾದತ್ತ ನುಗ್ಗಿತು. ರಿತೇಶ್ ಕಣ್ಣು ಮುಚ್ಚಿಕೊಂಡ. ಪರದೆ ಗಿರಗಿರನೆ ತಿರುಗಿತು. ಗುಳ್ಳೆ, ಗುಳ್ಳೆ, ಆಕಾಶ, ಮರಳು. ದೂರದಲ್ಲಿ ಕಡ್ಡಿಯಷ್ಟು ಕಾಣುವ ರಿತೇಶ್ ಇನ್ನೂ ನಿಂತಲ್ಲೇ ಇದ್ದ. ಕ್ಯಾಮೆರಾ ಅವನಿಂದ ದೂರ ದೂರ ಓಡುತ್ತಿತ್ತು, ಅದರ ಮುಂದೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುವ ಎರಡು ಕಾಲುಗಳು.

"ಹಳದಿ ಫಿನ್ಸ್," ಎಂದು ಬರೆಯುತ್ತಿದ್ದ ಮಾಪಣ್ಣ ತಲೆಯೆತ್ತಿದ. "ಹಳದಿ ಯಾರವು?"

ಯಾರೂ ಹೇಳಬೇಕಾಗಿರಲಿಲ್ಲ. ಕ್ಯಾಮೆರಾ ಮಗುಚಿ ಬಿತ್ತು, ಪರದೆಯ ತುಂಬ ಯೋಗೀಶ್‌ನ ಮುಖ ತಲೆಕೆಳಗಾಗಿ ಬಂತು. ಮಾಸ್ಕಿನೊಳಗೆ ಎರಡು ಕಣ್ಣು ಇಡ್ಲಿಯಷ್ಟಾಗಿದ್ದವು.

"ಮೊದಲು ಓಡಿದ್ದು ನೀನಾ?" ಎಂದರು ವಿಮಲಾ, ಮಗನತ್ತ ತಿರುಗಿ.

ಅವನು ಕಿವಿಯವರೆಗೆ ಕೆಂಪಾಗಿ, "ಅಮ್ಮಾ, ಚುಪ್..." ಎಂದ.

ದ್ರೌಪದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಮಾಕಾಂತರ ಹೊಟ್ಟೆ ಕುಣಿಯಿತು. ಬಸವಕುಮಾರ್ ಗೋಡೆಯ ಕಡೆ ತಿರುಗಿದರು. ಅವರ ಕುಲುಕುವ ಭುಜಗಳು ಮಾತ್ರ ಕಂಡವು. ಅಷ್ಟರಲ್ಲಿ ಬೆಂಚಿನಿಂದ ಒಂದು ನಗು ಎದ್ದಿತು. ಯಾರ ಧ್ವನಿಯನ್ನೂ ಎರವಲು ತರದ, ಒರಟಾದ, ಗೊರಗೊರ ನಗು. ರಿತೇಶ್ ಹೊಟ್ಟೆ ಹಿಡಿದುಕೊಂಡು ಬೆಂಚಿನಿಂದ ಜಾರಿ ನೆಲಕ್ಕೆ ಕೂತಿದ್ದ. ಇಷ್ಟು ದಿನ ಯಾವುದಕ್ಕೆ ನಿದ್ದೆಗೆಟ್ಟಿದ್ದನೋ, ತಾನು ಓಡಿ ತಬ್ಬಿಕೊಂಡ ಆ ದೃಶ್ಯ, ಕ್ಯಾಮೆರಾದಲ್ಲಿ ಇರಲೇ ಇಲ್ಲ.

"ಏ, ನೀ ಆರೋಪಿ ಇದ್ದಿ! ನಗಬ್ಯಾಡ!" ಎಂದು ಬಸವಕುಮಾರ್ ಗೋಡೆಗೇ ಗದರಿದರು.

ಅವನು ತಲೆಯಾಡಿಸಿದ, ಜಾಮೀನಿನ ಕಾಗದ ಎಳೆದುಕೊಂಡ, ಪೆನ್ನು ಹಿಡಿದ. ಮತ್ತೆ ಪರದೆಯ ಕಡೆ ನೋಡಿದ. ನಗು ಮೊದಲಿಗಿಂತ ಜೋರಾಗಿ ಬಂತು, ಸಹಿ ಕಾಗದದ ಅಂಚು ದಾಟಿ ಮೇಜಿನ ಮೇಲೆಲ್ಲ ಹೋಯಿತು.